ಕಾರಿನೊಳಗೆ ಅಣಬೆ

"ನೀರು ಎಲ್ಲಿಂದ ಒಳಗ ಬರತೈತಿ ಅನ್ನೋದನ್ನ ಶನಿವಾರದೊಳಗ ನಾ ಹಿಡದು ಕೊಡ್ತೀನಿ! ಇದರಾಗ ಯಾರ ತಪ್ಪು ಐತಿ, ಅವರ ಕೈಲೇ ಇಡೀ ಕಾರು ಒರಸಸ್ತೀನಿ! ಇಲ್ಲಂದ್ರ ನನ್ನ ಹೆಸರು ಶಿವಬಸಮ್ಮನ ಅಲ್ಲ!"

ಶಿವಬಸಮ್ಮ ಅಡುಗೆಮನೆಯ ನಟ್ಟನಡುವೆ ಲಟ್ಟಣಿಗೆ ಎತ್ತಿ ಹೀಗೆ ಘೋಷಿಸಿದಾಗ ಮಗ ಚೇತನ ಫೋನಿನಿಂದ ತಲೆಯನ್ನೇ ಎತ್ತಲಿಲ್ಲ. ಹಳೆ ಕಾರು ಒಯ್ಯುವವನಿಗೆ ಅವನು ಮೆಸೇಜು ಹಾಕಿಯಾಗಿತ್ತು. ಶನಿವಾರ ಹತ್ತು ಗಂಟೆಗೆ ಟ್ರಕ್ ಬರುವುದಿತ್ತು.

"ಅವ್ವಾ, ಅದು ಕಾರಲ್ಲ, ಬಾವಿ! ನಿನ್ನೆ ಕಾರ್ಪೆಟ್ ಮ್ಯಾಲೆ ಅಣಬೆ ಎದ್ದಿತ್ತು!"

"ಎದ್ದರ ಏನಾತು? ಕಿತ್ತು ಪಲ್ಯ ಮಾಡೂಣಂತ!"

ಮೊಂಡುತನಕ್ಕೆ ಕಾರಣವಿತ್ತು. ಅಮೆರಿಕದ ರಾಲಿಯ ಆ ಮನೆಯಲ್ಲಿ ಎರಡು ಕಾರು. ಹೊಸದು ಆನೆಯಷ್ಟು ಎತ್ತರ. ಅದಕ್ಕೆ ಹತ್ತಬೇಕೆಂದರೆ ಮೊದಲು ಸ್ಟೂಲು, ಸ್ಟೂಲಿನ ಮೇಲೆ ಶಿವಬಸಮ್ಮ, ಕೆಳಗಿನಿಂದ ಮಗನ ಹೆಗಲು, ಮೇಲಿನಿಂದ ಸೊಸೆಯ ಕೈ! ದೇವಸ್ಥಾನದ ಪಾರ್ಕಿಂಗಿನಲ್ಲಿ ಪ್ರತಿ ಸಲ ನಾಲ್ಕು ಜನ ನಿಂತು ನೋಡುತ್ತಿದ್ದರು. ಒಂದು ದಿನ ಯಾರೋ ಚಪ್ಪಾಳೆ ಕೂಡ ತಟ್ಟಿದರು. ಹಳೆಯದು ಹಾಗಲ್ಲ. ಹತ್ತೊಂಬತ್ತು ವರ್ಷದ ಬೆಳ್ಳಿ ಬಣ್ಣದ ತಗ್ಗು ಕಾರು. ಮಣೆಯ ಮೇಲೆ ಕೂತಂತೆ ಕೂತುಬಿಡಬಹುದು. ಮೊನ್ನೆ ತಾನೇ ಲೈಸೆನ್ಸು ಸಿಕ್ಕಿದ್ದ ಮೊಮ್ಮಗಳು ನಮ್ರತಾ, ಅಜ್ಜಿ ಹೇಳಿದ ಕಡೆ ಅದನ್ನು ಓಡಿಸುತ್ತಿದ್ದಳು. ಅಷ್ಟೇ ಅಲ್ಲ, ಹೊಸ ಕಾರಿಗೆ ದಸರೆ ಪೂಜೆ ಮಾಡೋಣವೆಂದರೆ ಊದಿನಕಡ್ಡಿ ಸಿಗಿಸಲಿಕ್ಕೂ ಅದರಲ್ಲಿ ಜಾಗವಿಲ್ಲ! ಹಳೆಯದು ಹೋಯಿತೆಂದರೆ ಶಿವಬಸಮ್ಮನ ಪಾಲಿಗೆ ಉಳಿಯುವುದು ಸ್ಟೂಲು ಮತ್ತು ಚಪ್ಪಾಳೆ.

ಸೋರಿಕೆಯೇನು ಅವಳಿಗೆ ಹೊಸದೇ? ಬೈಲಹೊಂಗಲದ ಮಣ್ಣಿನ ಮಾಳಿಗೆಯ ಮನೆಯಲ್ಲಿ ನಲವತ್ತು ಮಳೆಗಾಲ ಕಳೆದವಳು! ತೊಲೆಯ ಮೇಲಿನ ಒದ್ದೆ ಗುರುತು ನೋಡಿಯೇ, ಮೇಲೆ ಯಾವ ಮೂಲೆಯಲ್ಲಿ ಇಲಿ ಬಿಲ ತೋಡಿದೆ ಎಂದು ಹೇಳಿಬಿಡುತ್ತಿದ್ದಳು. "ನೀ ಪೊಲೀಸ್ ಖಾತೆದಾಗ ಇರಬೇಕಿತ್ತು ನೋಡು" ಎಂದು ಗಂಡ ಸೋಮಲಿಂಗಪ್ಪ ಬದುಕಿರುವತನಕ ಹೇಳುತ್ತಿದ್ದ. ನೆಲಕ್ಕೆ ಒಣ ಬೂದಿ ಉದುರಿಸಿಡಬೇಕು. ನೀರು ಬಂದ ದಾರಿ ಅದರ ಮೇಲೆ ತಾನಾಗಿ ಗೆರೆಯಾಗಿ ಮೂಡುತ್ತದೆ. ಇದು ಅವಳ ವಿದ್ಯೆ. ರಾಲಿಯಲ್ಲಿ ಕಟ್ಟಿಗೆ ಒಲೆ ಇಲ್ಲ, ಬೂದಿ ಇಲ್ಲ. ಆದರೆ ಇಂಡಿಯನ್ ಸ್ಟೋರಿನ ಜೋಳದ ಹಿಟ್ಟು ಇತ್ತಲ್ಲ, ಇಪ್ಪತ್ತು ಪೌಂಡಿನ ಚೀಲ!

ಶುಕ್ರವಾರ ಮಧ್ಯಾಹ್ನ ತನಿಖೆ ಶುರುವಾಯಿತು. ಶಿವಬಸಮ್ಮ ಕಾರಿನ ನೆಲಕ್ಕೆಲ್ಲ ಹಿಟ್ಟು ಉದುರಿಸಿ, ಡ್ರೈವರ್ ಸೀಟಿನಲ್ಲಿ ಕೊಡೆ ಬಿಚ್ಚಿಕೊಂಡು ಪಟ್ಟಕ್ಕೇರಿದಳು. ಮೊದಲ ಗುಮಾನಿ ಬಾಗಿಲುಗಳ ಮೇಲೆ. ಅವು ತಪ್ಪಿತಸ್ಥರೋ ಅಲ್ಲವೋ ನೋಡಬೇಕಲ್ಲ? ನಮ್ರತಾ ಅಗಲವಾದ ಟೇಪು ತಂದು ನಾಲ್ಕೂ ಬಾಗಿಲ ಸಂದಿಗೆ ಹೊರಗಿನಿಂದ ಮೂರು ಮೂರು ಸುತ್ತು ಅಂಟಿಸಿದಳು.

"ಅಜ್ಜಿ, are you sure? ನೀನು ಒಳಗೆ ಸ್ಟಕ್ ಆಗ್ತೀಯ."

"ಸುಮ್ನ ನೀರು ಬಿಡವಾ ನೀ!"

ನಮ್ರತಾ ತೋಟದ ಪೈಪು ಹಿಡಿದು ಛಾವಣಿಯ ಮೇಲೆ ಮಳೆ ಸುರಿಸಿದಳು. ಐದು ನಿಮಿಷ ಏನಿಲ್ಲ. ಆರನೆಯ ನಿಮಿಷಕ್ಕೆ ಮುಂದಿನ ಗಾಜಿನ ಎರಡೂ ಬದಿಯಿಂದ ನೀರು ಕಳ್ಳನಂತೆ ಇಳಿದು ಬಂದು ಹಿಟ್ಟಿನ ಮೇಲೆ ಗೆರೆ ಎಳೆಯಿತು!

"ಸಿಕ್ಕಿತು! ಬಾಗಲದ್ದಲ್ಲ, ಮ್ಯಾಲಿಂದ ಬರತೈತಿ! ಇನ್ನೂ ಜೋರು ಬಿಡು!"

ಮಳೆ ಜೋರಾಯಿತು. ಮಳೆ ಅಂದ ಮೇಲೆ ವೈಪರ್ ತಿರುಗದಿದ್ದರೆ ಹೇಗೆ? ಶಿವಬಸಮ್ಮ ಕೀಲಿ ತಿರುವಿ, ವೈಪರಿನದೇ ಇರಬೇಕೆಂದು ಒಂದು ಗುಂಡನೆಯ ತಿರುಪನ್ನು ಕೊನೆಯವರೆಗೂ ತಿರುವಿದಳು. ಅದು ಫ್ಯಾನಿನದು!

ಕಾಲ ಬುಡದಿಂದ ಬಿರುಗಾಳಿ ಎದ್ದಿತು. ಐದು ಪೌಂಡು ಜೋಳದ ಹಿಟ್ಟು ಒಂದೇ ಉಸಿರಿಗೆ ಮೇಲೆದ್ದು ಕಾರಿನ ಒಳಗೆಲ್ಲ ಮಂಜು ಕವಿಯಿತು. ಕೊಡೆ ಕಾಣಲಿಲ್ಲ, ಕನ್ನಡಕ ಕಾಣಲಿಲ್ಲ, ಶಿವಬಸಮ್ಮನಿಗೆ ಶಿವಬಸಮ್ಮನೇ ಕಾಣಲಿಲ್ಲ! ಬಾಗಿಲು ತಳ್ಳಿದಳು. ಮೊಮ್ಮಗಳು ಟೇಪು ಹಚ್ಚುವುದರಲ್ಲಿ ಭಾರಿ ಪ್ರಾಮಾಣಿಕಳು, ಬಾಗಿಲು ಮಿಸುಕಲಿಲ್ಲ.

ಆದರೆ ನೆತ್ತಿಯ ಮೇಲಿನ ಗಾಜಿನ ಕಿಂಡಿಯ ಗುಂಡಿ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಪ್ರತಿ ದಸರೆಗೂ ಒತ್ತಿದ್ದೇ. ಒತ್ತಿದಳು. ಕಿಂಡಿ ಸರಿಯಿತು. ಶಿವಬಸಮ್ಮ ಸೀಟಿನ ಮೇಲೆ ಹತ್ತಿ ನಿಂತು, ಹುತ್ತದಿಂದ ನಾಗಪ್ಪ ಎದ್ದಂತೆ, ಅಪ್ಪಟ ಬೆಳ್ಳಗೆ, ಎದೆಯವರೆಗೂ ಹೊರಬಂದಳು.

ನಮ್ರತಾ "ಓ ಮೈ ಗಾಡ್!" ಎಂದು ಕಿರುಚಿದಳು. ಕಿರುಚಿದವಳ ಕೈಯ ಪೈಪು ನೆಟ್ಟಗೆ ಅಜ್ಜಿಯ ಮುಖಕ್ಕೇ ತಿರುಗಿತು. ಹಿಟ್ಟಾಗಿದ್ದವಳು ಕ್ಷಣದಲ್ಲಿ ಕಣಕವಾದಳು. ಇನ್ನು ತಟ್ಟಿ ಹಂಚಿಗೆ ಹಾಕುವುದೊಂದೇ ಬಾಕಿ!

ಅದೇ ಹೊತ್ತಿಗೆ ಎದುರು ಮನೆಯ ತ್ಯಾಗರಾಜ, ನಿವೃತ್ತ ಇಂಜಿನಿಯರು, ನಾಯಿ ಹಿಡಿದುಕೊಂಡು ಬಂದರು. ನಾಯಿ ಒಮ್ಮೆ ನೋಡಿ, ಬೊಗಳುವುದನ್ನೂ ಮರೆತು ಅವರ ಕಾಲ ಹಿಂದೆ ಅಡಗಿತು.

"ಏನಮ್ಮಾ, ಈ ವರ್ಷ ಮೆರವಣಿಗೆ ನಿಮ್ಮದೇನಾ?"

"ಅಣ್ಣಾರ, ನಗಬ್ಯಾಡ್ರಿ! ಕಾರು ಸೋರತೈತಿ. ನಾಳಿಗಿ ಹೊತಗೊಂಡು ಹೊಂಟಾರ!"

ತ್ಯಾಗರಾಜ ಟೇಪು ಕಿತ್ತು ಅವಳನ್ನು ಇಳಿಸಿದರು. ಆಮೇಲೆ ಕಿಂಡಿಯ ಅಂಚನ್ನು ಬಗ್ಗಿ ನೋಡಿ ತಲೆದೂಗಿದರು.

"ನೋಡಿಮ್ಮಾ, ಈ ಮುಂದಿನ ಎರಡು ಮೂಲೇಲಿ ಎರಡು ತೂತು ಇದೆಯಲ್ಲ, ಇಲ್ಲಿ ಬಿದ್ದ ನೀರು ಅದರಲ್ಲಿಳಿದು ಚಕ್ರದ ಹತ್ರ ಆಚೆ ಹೋಗ್ಬೇಕು. ಇಲ್ಲಿ ಯಾರೋ ಎರಡನ್ನೂ ಮುಚ್ಚಿಬಿಟ್ಟಿದ್ದಾರೆ. ಅದಕ್ಕೇ ತುಂಬಿ ಒಳಗೆ ಚೆಲ್ತಾ ಇದೆ."

ಶಿವಬಸಮ್ಮ ಕಣ್ಣಿಗೆ ಮೆತ್ತಿದ ಕಣಕ ಒರೆಸಿಕೊಂಡು ಕಿಂಡಿಯ ಕಡೆ ಬಗ್ಗಿದಳು. "ಯಾವ... ತೂತು ಅಂದ್ರಿ?"

ಅಷ್ಟರಲ್ಲಿ ಆಫೀಸಿನಿಂದ ಬಂದ ಚೇತನನಿಗೂ ಆ ಮಾತು ಕೇಳಿಸಿತು. "ಅಂಕಲ್, ತೆಗೀರಿ ಅದನ್ನ. ಯಾರು ಮುಚ್ಚಿದ್ರು ನೋಡೋಣ. ಅವ್ವ ಅವರ ಕೈಲೇ ಕಾರು ಒರಸಸ್ತಾಳಂತ!"

ತ್ಯಾಗರಾಜ ಚಿಮಟ ಹಾಕಿ ಎಳೆದರು. ಅರಿಶಿನ ಮೆತ್ತಿದ, ಕಲ್ಲಾದ ಕಣಕದ ಉಂಡೆ ಬಂತು. ಅದರ ನಡುವೆ ಒಂದು ಕೆಂಪು ಕಡ್ಡಿಯ ತುಂಡು. ಮೂಗಿನ ಹತ್ತಿರ ಹಿಡಿದರು.

"ಮಲ್ಲಿಗೆ!"

ಇನ್ನೊಂದು ಎಳೆದರು. "ಇದು ಶ್ರೀಗಂಧ!"

ಎಡ ಮೂಲೆಯಿಂದ ಮೂರು, ಬಲ ಮೂಲೆಯಿಂದ ಮೂರು, ಒಟ್ಟು ಆರು ತುಂಡು ಕಾರಿನ ಮೂತಿಯ ಮೇಲೆ ಸಾಲಾಗಿ ಮಲಗಿದವು. ಚೇತನ ನಿಧಾನಕ್ಕೆ ತಾಯಿಯ ಕಡೆ ತಿರುಗಿದ.

"ಅವ್ವಾ..."

ಶಿವಬಸಮ್ಮನಿಗೆ ಎಲ್ಲ ನೆನಪಾಯಿತು. ಕೊರೋನಾ ವರ್ಷ ದೇವಸ್ಥಾನದ ಬಾಗಿಲು ಹಾಕಿತ್ತು. ಮನೆ ಮುಂದೆಯೇ ಕಾರಿನ ಪೂಜೆ. ಊದಿನಕಡ್ಡಿ ಸಿಗಿಸಲು ಬಾಳೆಹಣ್ಣು ಇರಲಿಲ್ಲ. ನೋಡುತ್ತಾಳೆ, ಎಡಕ್ಕೊಂದು ಬಲಕ್ಕೊಂದು, ಕಡ್ಡಿಗೆ ಹೇಳಿ ಮಾಡಿಸಿದಂಥ ತೂತು! ಕಾರು ಮಾಡಿದವರು ಎಂಥ ದೈವಭಕ್ತರು ಎಂದು ಅಂದು ಕೈಮುಗಿದಿದ್ದಳು. ಕಡ್ಡಿ ಅಲುಗಾಡಬಾರದೆಂದು ಬುಡಕ್ಕೆ ಕಣಕ ಒತ್ತಿದ್ದಳು. ಪೂಜೆ ಮುಗಿದ ಮೇಲೆ ಕಿಂಡಿ ಮುಚ್ಚಬೇಕಲ್ಲ, ಮೇಲೆ ಉಳಿದಿದ್ದನ್ನು ಲಟಕ್ಕನೆ ಮುರಿದಿದ್ದಳು. ಮರುವರ್ಷ ಅದರ ಮೇಲೆಯೇ ಮತ್ತೊಂದು. ಅದರ ಮರುವರ್ಷ ಮತ್ತೊಂದು.

"ಸದ್ಯ, ಹಿಂದಿನ ಮೂಲೇಲೂ ಎರಡು ತೂತಿದೆ. ಅವು ಯಾರ ಕಣ್ಣಿಗೂ ಬಿದ್ದಿಲ್ಲ" ಎಂದರು ತ್ಯಾಗರಾಜ.

"ಹಿಂದೂ ಎರಡು ಅದಾವೇನ್ರೀ?" ಶಿವಬಸಮ್ಮನ ಕಣ್ಣು ಅರಳಿತು. ಮೂವರೂ ತನ್ನನ್ನೇ ನೋಡುತ್ತಿದ್ದಾರೆಂದು ತಿಳಿದು ತಟ್ಟನೆ ಮುಚ್ಚಿಕೊಂಡಿತು.

ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ತೂರಿಸಿ ತ್ಯಾಗರಾಜ ಎರಡೂ ದಾರಿ ಬಿಡಿಸಿದರು. ಮೇಲೆ ನೀರು ಹೊಯ್ದರೆ ಅದು ಮರ್ಯಾದೆಯಿಂದ ಚಕ್ರದ ಪಕ್ಕ ಇಳಿದು ಹೋಯಿತು. ಚೇತನ ಫೋನು ತೆಗೆದು ಟ್ರಕ್ಕಿನವನಿಗೆ ಬೇಡವೆಂದ. ನಮ್ರತಾ ಒಳಗೆ ಹೋಗಿ, ಬಕೀಟು ಮತ್ತು ಒರೆಸುವ ಬಟ್ಟೆ ತಂದು ಅಜ್ಜಿಯ ಕಾಲ ಬಳಿ ಇಟ್ಟಳು.

"ಇಡೀ ಕಾರು, ಅಜ್ಜಿ. ನೀನೇ ಹೇಳಿದ್ದು."

ಶಿವಬಸಮ್ಮ ಕಣಕ ಮೆತ್ತಿದ ಸೆರಗನ್ನು ಸೊಂಟಕ್ಕೆ ಸಿಗಿಸಿ ಬಟ್ಟೆ ಹಿಂಡಿದಳು. ಆದರೂ ಒಂದು ಮಾತು ಹೇಳದಿದ್ದರೆ ಹೇಗೆ?

"ನಗ್ರಿ, ನಗ್ರಿ! ಮೂರು ವರ್ಷ ಶ್ರದ್ಧಾಲೆ ಪೂಜೆ ಮಾಡೀನಿ. ಈ ಕಾರಿಗೆ ಒಂದರ ಆಕ್ಸಿಡೆಂಟ್ ಆಗೇತೇನು?"

"ಇಲ್ಲ ಅಜ್ಜಿ" ಎಂದಳು ನಮ್ರತಾ. "ಆಕ್ಸಿಡೆಂಟ್ ಆಗಿಲ್ಲ. ಫ್ಲಡ್ ಆಗಿದೆ."