ದಿನಾ ಸ್ಟಾರ್ಟ್ ಮಾಡಿದ ಪುಸ್ತಕ

ಸೋಮಾರಿಯಿಂದ ಲೋಕಕ್ಕೆ ಆಗುವ ಹಾನಿ ಕಡಿಮೆ ಎಂದು ಈಚೆಗೆ ನನಗೆ ಅನಿಸತೊಡಗಿದೆ. ಅವನು ಒಂದು ತಪ್ಪನ್ನು ಒಮ್ಮೆ ಮಾಡಿ, ಮಗ್ಗುಲು ಬದಲಿಸಿ ಮಲಗಿಬಿಡುತ್ತಾನೆ. ಶಿಸ್ತಿನ ಮನುಷ್ಯ ಅದೇ ತಪ್ಪನ್ನು ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ, ಭಾನುವಾರವೂ ಬಿಡದೆ ಮಾಡುತ್ತಾನೆ. ನಾನು ಎರಡನೆಯ ಗುಂಪಿನವನು. ಶಿಕಾರಿಪುರದ ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ಮದುವೆಗೆ ಹೋದರೆ ಛತ್ರದ ಬೀಗ ತೆಗೆಯುವವನು ಬರುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನಮ್ಮ ಮನೆಗೆ ಗಡಿಯಾರ ದಂಡ ಎಂದು ನನ್ನ ಹೆಂಡತಿ ಸರೋಜ ಬಂದವರಿಗೆಲ್ಲ ಹೇಳುತ್ತಾಳೆ. "ಇವ್ರು ಸ್ನಾನಕ್ಕೆ ಹೋದ್ರು ಅಂದ್ರೆ ಆರೂಕಾಲು. ಬೇಕಾದ್ರೆ ನಿಮ್ಮ ವಾಚ್ ತಿದ್ಕಳ್ರಿ."

ಇಂಥವನನ್ನು ನಮ್ಮ ಗ್ರಂಥಾಲಯದ ಓದುಗರ ಸಮಿತಿಯವರು ಡಿಜಿಟಲ್ ವಿಭಾಗಕ್ಕೆ ಉಸ್ತುವಾರಿ ಮಾಡಿದರು. ಶಿಕಾರಿಪುರ, ಸೊರಬ ಎರಡೂ ಕಡೆಯ ಓದುಗರಿಗೆ ಸೇರಿ ಹನ್ನೆರಡು ಇ-ಪುಸ್ತಕ ಬಂದಿದ್ದವು. ಈ ಪುಸ್ತಕಗಳ ವಿಚಿತ್ರವೆಂದರೆ, ಕೊಂಡರೂ ಅವು ನಮ್ಮವಲ್ಲ. ಓದಲು ಕೊಡುವ ಲೈಸೆನ್ಸ್ ಮಾತ್ರ ನಮ್ಮದು. ಅದರ ಷರತ್ತುಗಳು ಹದಿನಾರು ಪುಟ ಇದ್ದವು. ಜೀವಮಾನವೆಲ್ಲ ನಿಯಮ, ನಿಯಮ ಎಂದು ಡ್ರೈವರು ಕಂಡಕ್ಟರುಗಳ ಪ್ರಾಣ ತಿಂದ ನಾನು, ಒಂದು ಪುಟವನ್ನೂ ಓದದೆ ಕೊನೆಯಲ್ಲಿದ್ದ "ಒಪ್ಪಿದ್ದೇನೆ" ಎಂಬುದನ್ನು ಒತ್ತಿಬಿಟ್ಟೆ. ಕಾಫಿ ಆರುತ್ತಿತ್ತು.

ಡಿಪೋದಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಪ್ರತಿಯೊಂದು ಬಸ್ಸನ್ನೂ ಒಮ್ಮೆ ಸ್ಟಾರ್ಟ್ ಮಾಡಿ ನೋಡಬೇಕು. ಆಮೇಲೇ ಅದು ಗೇಟು ದಾಟಬೇಕು. ಇ-ಪುಸ್ತಕಗಳಿಗೂ ನಾನು ಅದನ್ನೇ ಜಾರಿಗೆ ತಂದೆ. ದಿನಾ ಎಂಟಕ್ಕೆ, ಮಗಳು ಕೊಡಿಸಿದ ಟ್ಯಾಬ್ ಹಿಡಿದು, ಹನ್ನೆರಡನ್ನೂ ಒಂದೊಂದಾಗಿ ನನ್ನ ಕಾರ್ಡಿನ ಮೇಲೆ ಎರವಲು ಪಡೆಯುವುದು, ಮೊದಲ ಪುಟ ಕಂಡರೆ "ಗಾಡಿ ಸರಿ ಇದೆ" ಎಂದು ಹಿಂದಿರುಗಿಸುವುದು. ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಕಂಬಳಿಯೊಳಗೇ ತಪಾಸಣೆ ನಡೆಯಿತು.

ಒಂದು ಶನಿವಾರ ಹನ್ನೆರಡನೆಯ ಪುಸ್ತಕ ತೆಗೆದಿದ್ದೆ, ಅಷ್ಟರಲ್ಲಿ ಫೋನ್ ಬಂತು. ಸೊರಬದಾಚೆಯ ಗುಡವಿಯಿಂದ ಅನಸೂಯ ಎಂಬ ಹೆಣ್ಣುಮಗಳು. ಗ್ರಂಥಾಲಯದ ಗೋಡೆಯ ಮೇಲಿದ್ದ ನನ್ನ ನಂಬರ್ ನೋಡಿ ಮಾಡಿದ್ದಳು.

"ಸರ್, ಕಂದಾಯದ ಕೈಪಿಡಿ ಸಿಗ್ತಾ ಇಲ್ಲ. ನಿನ್ನೆ ಪಟ್ಟೀಲಿತ್ತು, ಈಗ ತೆಗೆಯಕ್ಕೆ ಹೋದ್ರೆ 'ಲಭ್ಯವಿಲ್ಲ' ಅಂತದೆ. ಇನ್ನು ಹದಿನೈದು ದಿನಕ್ಕೆ ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆ. ನಂಗೆ ವಯಸ್ಸಿನ ಮಿತಿ ಮುಗೀತು ಸರ್, ಇದೇ ಕೊನೇ ಸಲ. ಅಂಗಡೀಲೂ ಆ ಪುಸ್ತಕ ಮುಗ್ದೋಗಿದೆ. ಎಂಥ ಮಾಡದು ಹೇಳಿ."

ನನಗೆ ರಕ್ತ ಕುದಿಯಿತು. ಟ್ಯಾಬನ್ನು ಹಾಗೇ ಮಡಚಿಟ್ಟು ಗ್ರಂಥಾಲಯಕ್ಕೆ ನಡೆದೆ. ಗ್ರಂಥಪಾಲಕಿ ಶಬಾನಾ ಕಂಪ್ಯೂಟರ್ ನೋಡಿ ಹೇಳಿದರು: "ಈ ಪುಸ್ತಕದ ಲೈಸೆನ್ಸೇ ಮುಗಿದಿದೆ ಸರ್. ಉಳಿದ ಹನ್ನೊಂದು ಎಷ್ಟು ಸಲ ತೆಗೆದ್ರೂ ಆಗುತ್ತೆ. ಇದಕ್ಕೆ ಮಾತ್ರ ಒಟ್ಟು ನಲವತ್ತೇ ಎರವಲು."

ಹೊಸ ಲೈಸೆನ್ಸಿಗೆ ಬರೆದರೆ ಬರುವುದು ಪರೀಕ್ಷೆ ಮುಗಿದ ಮೇಲೆ. ಒಬ್ಬಳ ಕೊನೆಯ ಅವಕಾಶವನ್ನು ಯಾರೋ ನುಂಗಿ ಕೂತಿದ್ದಾರೆ. ಯಾರು ಎಷ್ಟು ಸಲ ತೆಗೆದರು ಎಂಬ ಪಟ್ಟಿ ಕಳಿಸುವಂತೆ ಪುಸ್ತಕದ ಕಂಪನಿಗೆ ಬರೆಸಿದೆ. ಅದು ಬರುವವರೆಗೆ ತಪಾಸಣೆ ಬಂದ್ ಎಂದು ಟ್ಯಾಬನ್ನು ಮುಟ್ಟಲೇ ಇಲ್ಲ. ಸೊರಬದ ಸಮಿತಿಯ ಮಂಜಪ್ಪನವರಿಗೆ ಫೋನ್ ಮಾಡಿ, "ಏನ್ರೀ, ನಿಮ್ಮೂರವರು ಪುಸ್ತಕ ಓದ್ತಾರೋ, ಉಪ್ಪಿನಕಾಯಿ ಹಾಕ್ತಾರೋ?" ಎಂದು ಕೇಳಿದೆ.

"ಸಿಟ್ಟು ಯಾಕೆ ಮಾರಾಯ್ರೆ? ನಮ್ಮಲ್ಲಿ ನೆಟ್ ಬಂದ್ರೆ ತಾನೇ ಓದದು? ನಿಮ್ಮ ಕಾಲ ಬುಡದಾಗೇ ಒಂದ್ಸಲ ಹುಡುಕಿ ನೋಡಿ" ಎಂದರು. ಸೊರಬದವರ ಉಡಾಫೆ ಎಂದುಕೊಂಡೆ.

ಪಟ್ಟಿ ಮಂಗಳವಾರ ಬಂತು. ಶಬಾನಾ ಅದನ್ನು ಮೇಲಿಂದ ಕೆಳಗೆ ನೋಡಿದರು, ಕೆಳಗಿಂದ ಮೇಲೆ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಹಿಡೀರಿ ಅವನ್ನ. ಕಾರ್ಡೇ ರದ್ದು ಮಾಡಣ" ಎಂದೆ ನಾನು.

"ಸರ್, ಈ ನಂಬರ್ ನಿಮ್ದಲ್ವಾ?"

ಎರಡು ಎರವಲು ಬೇರೆಯವರದು. ಮೂವತ್ತೆಂಟು ನನ್ನದು. ಎಲ್ಲವೂ ಬೆಳಿಗ್ಗೆ ಎಂಟರ ಆಸುಪಾಸಿನವು. ಡಿಪೋದಲ್ಲಿ ನನ್ನಿಂದ ಬೈಸಿಕೊಂಡವರೆಲ್ಲ ಆ ಕ್ಷಣ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಂತೆ ಭಾಸವಾಗಿ ಕುರ್ಚಿ ಎಳೆದುಕೊಂಡು ಕೂತೆ. ಶಬಾನಾ ಒಳ್ಳೆಯವರು, ನಗಲಿಲ್ಲ. ಆಮೇಲೆ ಒಳಗೆ ಹೋಗಿ ನಕ್ಕದ್ದು ಕೇಳಿಸಿತು.

ಈಚೆ ಬಂದು ಅವರೇ ಒಂದು ದಾರಿ ತೋರಿಸಿದರು. "ಶನಿವಾರದ್ದನ್ನ ನೀವು ವಾಪಸ್ ಮಾಡಿಲ್ಲ ಸರ್. ಎರವಲು ಹದಿನಾಲ್ಕು ದಿನ. ಎರಡು ತಾಲ್ಲೂಕಿಗೆ ಈ ಪುಸ್ತಕ ಇರೋದು ನಿಮ್ಮ ಟ್ಯಾಬಲ್ಲಿ ಮಾತ್ರ. ಪಾಸ್‌ವರ್ಡ್ ಅವಳಿಗೆ ಕೊಟ್ಬಿಡಿ."

ಆಗಲಾದರೂ ಬುದ್ಧಿ ಬಂದು, ಆ ಹದಿನಾರು ಪುಟ ಓದಿದೆ. ಪಾಸ್‌ವರ್ಡ್ ಕೊಡಕೂಡದು. ಪ್ರತಿ ಮಾಡಕೂಡದು. ಚಿತ್ರ ತೆಗೆದು ಕಳಿಸಕೂಡದು. ಎಲ್ಲಾ ಕೂಡದುಗಳ ನಡುವೆ, ಒಬ್ಬರು ಓದುವಾಗ ಇನ್ನೊಬ್ಬರು ಕೇಳಿಸಿಕೊಳ್ಳಕೂಡದು ಎಂದು ಮಾತ್ರ ಎಲ್ಲೂ ಇರಲಿಲ್ಲ. ಬುಧವಾರದಿಂದ ಬೆಳಿಗ್ಗೆ ಆರಕ್ಕೆ ಅನಸೂಯಳಿಗೆ ಫೋನ್ ಮಾಡಿ, ಎಂಟರವರೆಗೆ ಗಟ್ಟಿಯಾಗಿ ಓದತೊಡಗಿದೆ. ಆರೂಕಾಲರ ಸ್ನಾನ ಮೊದಲ ಬಾರಿಗೆ ತಪ್ಪಿತು. ಸರೋಜ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. ವಿಷಯ ತಿಳಿದ ಮೇಲೆ, "ಪಾಸ್‌ವರ್ಡ್ ಕೊಟ್ಟಿದ್ರೆ ಒಂದು ನಿಮಿಷದ ಕೆಲಸ. ಇಡೀ ಓಣಿಗೆ ಪಹಣಿ ಪಾಠ ಆಗ್ತಿರ್ಲಿಲ್ಲ" ಎಂದಳು.

ಅನಸೂಯ ಬರೆದುಕೊಳ್ಳುತ್ತಿದ್ದಳು. "ಸರ್, ಸ್ವಲ್ಪ ನಿಧಾನ. ನೀವು ಬಸ್ ಹೊರಡೋ ಅನೌನ್ಸ್ ಮಾಡಿದಂಗೆ ಓದ್ತೀರಿ" ಎಂದು ಮೂರನೆಯ ದಿನ ಧೈರ್ಯ ಮಾಡಿ ಹೇಳಿದಳು. ನಿಧಾನ ಮಾಡಿದೆ. ನಿಧಾನ ಮಾಡಿದ್ದಕ್ಕೆ ಪುಟಗಳು ಉಳಿಯತೊಡಗಿದವು. ಸಿಗ್ನಲ್ ಹೋದರೆ ಅವಳು ಕೆರೆ ಏರಿಯ ಮೇಲೆ ಓಡಿ ನಿಲ್ಲುತ್ತಿದ್ದಳು. ಹಕ್ಕಿಗಳ ಗಲಾಟೆಯಲ್ಲಿ ಒಂದೇ ವಾಕ್ಯ ನಾಲ್ಕು ಸಲ. ನನ್ನ ಗಂಟಲು ಕಟ್ಟಿತು, ಸರೋಜ ಬಿಸಿನೀರು ಹಿಡಿದು ಪಕ್ಕದಲ್ಲೇ ಕೂತಳು. ಪರೀಕ್ಷೆಯ ಹಿಂದಿನ ದಿನ, ಶನಿವಾರ, ಕೊನೆಯ ಅಧ್ಯಾಯ ಉಳಿದಿತ್ತು. ಜಮೀನಿನ ಪೋಡಿ, ಅಂದರೆ ಒಂದೇ ಸರ್ವೆ ನಂಬರನ್ನು ಪಾಲು ಮಾಡುವ ಕ್ರಮ. ಹದಿನಾಲ್ಕನೆಯ ದಿನ ಎಂದರೆ ರಾತ್ರಿಯವರೆಗೆ ಎಂದೇ ನನ್ನ ಲೆಕ್ಕ. ಎಂಟೂವರೆಗೆ ಮುಗಿಸುವುದೆಂದು ಗೊತ್ತು ಮಾಡಿಕೊಂಡಿದ್ದೆ.

"ಪಾಲುದಾರರಲ್ಲಿ ಒಬ್ಬರು ಒಪ್ಪದಿದ್ದ ಪಕ್ಷದಲ್ಲಿ..." ಎಂದು ಓದಿದೆ. ಪರದೆ ಬೆಳ್ಳಗಾಯಿತು. 'ನಿಮ್ಮ ಎರವಲು ಅವಧಿ ಮುಗಿದಿದೆ.' ಎಂಟು ಗಂಟೆ ಇಪ್ಪತ್ತೆರಡು ನಿಮಿಷ. ಹದಿನಾಲ್ಕು ದಿನದ ಹಿಂದೆ ಪುಸ್ತಕ ತೆಗೆದ ನಿಮಿಷಕ್ಕೇ ಬಾಗಿಲು ಹಾಕಿಕೊಂಡಿತ್ತು. ಮೂವತ್ತು ವರ್ಷದ ಸರ್ವೀಸಿನಲ್ಲಿ ನನಗಿಂತ ಕಟ್ಟುನಿಟ್ಟಿನವರನ್ನು ನಾನು ಕಂಡಿರಲಿಲ್ಲ.

"ಒಪ್ಪದಿದ್ರೆ ಏನ್ ಸರ್? ಮುಂದೆ ಹೇಳಿ."

ನನ್ನ ಬಾಯಿಂದ ಅಷ್ಟು ಸುಲಭಕ್ಕೆ ಹೊರಡದ ಮಾತು ಹೊರಟಿತು. "ಗೊತ್ತಿಲ್ಲಮ್ಮ."

ಭಾನುವಾರ ಸಂಜೆ ಅವಳೇ ಫೋನ್ ಮಾಡಿದಳು. ಪರೀಕ್ಷೆ ಚೆನ್ನಾಗಿಯೇ ಆಗಿದೆಯಂತೆ. ನಾನು ಓದಿದ್ದೆಲ್ಲ ನನ್ನ ದನಿಯಲ್ಲೇ ನೆನಪಿಗೆ ಬಂತಂತೆ. "ಒಂದು ಪ್ರಶ್ನೆ ಮಾತ್ರ ಹೋಯ್ತು ಸರ್. ಪಾಲುದಾರರು ಒಪ್ಪದಿದ್ರೆ ಏನು ಅಂತ ಕೇಳಿದ್ರು." ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಮೂವತ್ತೆಂಟು ಬೆಳಿಗ್ಗೆ ಆ ಪುಸ್ತಕ ನನ್ನ ಕೈಯಲ್ಲಿತ್ತು. ಅದರಲ್ಲಿ ಒಂದು ಬೆಳಿಗ್ಗೆಯಾದರೂ ನಾನು ಎರಡನೆಯ ಪುಟ ತಿರುವಿರಲಿಲ್ಲ.