ಅಂಬವ್ವನ ಮೀಟರು

ಉತ್ತರಕ್ರಿಯೆಗೆ ಬಂದ ನೆಂಟರೆಲ್ಲ ಹಿಂದಿನ ದಿನ ಮಂಗಳೂರಿನ ಬೋಟು ಹತ್ತಿ ಹೋಗಿದ್ದರು. ಮರುದಿನ ಬೆಳಿಗ್ಗೆ ನೀಲಾವತಿಯ ಬಾಗಿಲನ್ನು ಮೊದಲು ತಟ್ಟಿದವನು ಪಕ್ಕದ ಮನೆಯ ಶಂಕ್ರೆಪ್ಪ. ಅವಳು ಬಾಗಿಲು ತೆರೆದಾಗ ಅವನು ತನ್ನ ಚಪ್ಪಲಿಗಳನ್ನೇ ನೋಡುತ್ತ ನಿಂತಿದ್ದ.

"ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಇಷ್ಟ ದಿನಾ ಕೇಳಬಾರದಂತ ಸುಮ್ನಿದ್ದೆ. ನಮ್ಮ ಛತ್ರಿ..."

ಮಳೆಗಾಲ ಇನ್ನೂ ಬಹಳ ದೂರವಿತ್ತು. ನೀಲಾವತಿ ಒಳಗೆ ಹೋಗಿ ಛತ್ರಿ ತಂದುಕೊಟ್ಟಳು.

ಅವಳ ಗಂಡ ಸದಾನಂದ ಕೇಳದೆ ಯಾರ ವಸ್ತುವನ್ನೂ ಮುಟ್ಟಿದವನಲ್ಲ. ಕೇಳಿ ತಂದದ್ದನ್ನು ಹಿಂದೆ ಕೊಟ್ಟವನೂ ಅಲ್ಲ. ಅವನು ಕೇಳುವ ರೀತಿ ಹೇಗಿತ್ತೆಂದರೆ, ಕೊಟ್ಟವರಿಗೇ ಏನೋ ಸಿಕ್ಕಿದ ಹಾಗೆ ಆಗುತ್ತಿತ್ತು. ಅವನು ಹೋದ ಮೇಲೆ ಕುರ್ಲಾದ ಆ ಚಾಳಿನವರೆಲ್ಲ ಮರ್ಯಾದೆಗೆ ಬಾಯಿ ಮುಚ್ಚಿಕೊಂಡಿದ್ದರು. ಇವತ್ತು ಸೂತಕ ಮುಗಿದಿತ್ತು. ಶಂಕ್ರೆಪ್ಪನ ಕೈಯಲ್ಲಿ ಛತ್ರಿ ಕಂಡದ್ದೇ ತಡ, ಮನೆಗಳ ಮುಂದಿನ ಗ್ಯಾಲರಿಯಲ್ಲಿ ಪ್ರಸಾದಕ್ಕೆ ನಿಂತ ಹಾಗೆ ಸಾಲು ಬೆಳೆಯಿತು. ಎದುರುಮನೆಯವರ ಏಣಿ ಹೋಯಿತು. ಸಿದ್ದರಾಮಪ್ಪನ ಸುತ್ತಿಗೆ ಹೋಯಿತು. ಗಂಗುಬಾಯಿಯ ಸ್ಟೂಲು, ಯಾರದೋ ಕೊರೆಯುವ ಹತಾರ, ಇನ್ನಾರದೋ ಚದುರಂಗದ ಕಪ್ಪು ಕಾಯಿಗಳು. ಬಿಳಿ ಕಾಯಿಗಳನ್ನು ಅವನು ಬೇರೆ ಯಾರಿಂದಲೋ ತಂದಿದ್ದ.

ಎಲ್ಲರೂ ಹೋದ ಮೇಲೆ ಮನೆ ದೊಡ್ಡದಾಗಿ ಕಂಡಿತು. ಇನ್ನು ಯಾರದೂ ಏನೂ ಇಲ್ಲಿಲ್ಲ ಎಂದುಕೊಂಡು ನೀಲಾವತಿ ಸ್ಟೋವು ಹಚ್ಚಲು ಕೂತಳು. ಮತ್ತೆ ಬಾಗಿಲು ಸದ್ದಾಯಿತು.

ಹೆಗಲಿಗೆ ಚೀಲ, ಕಿವಿಗೆ ಬೀಡಿ ಸಿಕ್ಕಿಸಿಕೊಂಡ ಒಬ್ಬ ನಿಂತಿದ್ದ. ಚಾಳಿನ ಮಾಲಕ ಕಳಿಸಿದ ವಾಯರ್‌ಮನ್. ಹೆಸರು ದೂಜ.

"ಸದಾನಂದಣ್ಣ ಇದ್ದಾರಾ? ಮೀಟರಿನ ಜಾಗ ಬದಲು ಮಾಡ್ಲಿಕ್ಕೆ ಬಂದದ್ದು."

"ಇಲ್ಲ," ಎಂದಳು ನೀಲಾವತಿ.

"ಯಾವಾಗ ಬರ್ತಾರೆ?"

ಗ್ಯಾಲರಿಯಲ್ಲೇ ನಿಂತಿದ್ದ ಶಂಕ್ರೆಪ್ಪ ಹಿಂದಿನಿಂದ ಛತ್ರಿಯನ್ನು ಮೇಲಕ್ಕೆತ್ತಿ ಸನ್ನೆ ಮಾಡಿದ. ದೂಜ ತಲೆಯೆತ್ತಿ ಸೂರು ನೋಡಿದ.

"ಮೇಲಿನ ಮಾಳಿಗೆಯಲ್ಲಾ? ಅಡ್ಡಿಲ್ಲ, ನಾನು ಕಾಯ್ತೇನೆ."

ವಿಷಯ ತಿಳಿದ ಮೇಲೆ ದೂಜ ಕಿವಿಯ ಬೀಡಿ ತೆಗೆದು ಜೇಬಿಗೆ ಹಾಕಿಕೊಂಡು ತಲೆ ತಗ್ಗಿಸಿದ. ಆಮೇಲೆ, "ಪಾಪ, ಮೂರು ವರ್ಷದ ಹಿಂದೆ ಅರ್ಜಿ ಕೊಟ್ಟಿದ್ರು. ಇವತ್ತು ಮಾಡದಿದ್ರೆ ಮತ್ತೆ ಯಾವಾಗ ಅಂತ ನಂಗೂ ಗೊತ್ತಿಲ್ಲ," ಎಂದ.

ನೀಲಾವತಿಗೆ ಆ ಮೀಟರು ಬೇಕಿತ್ತು. ಅವಳ ಮನೆ, ಶಂಕ್ರೆಪ್ಪನ ಮನೆ ಎರಡೂ ಮೊದಲು ಒಂದೇ ಕೋಣೆಯಾಗಿದ್ದವು. ಮಾಲಕ ನಡುವೆ ಹಲಗೆಯ ಗೋಡೆ ಹಾಕಿ ಎರಡು ಬಾಡಿಗೆ ಮಾಡಿಕೊಂಡಿದ್ದ. ಮೀಟರೂ ಅದರ ಮೇನ್ ಸ್ವಿಚ್ಚೂ ಗೋಡೆಯ ಆ ಕಡೆ, ಶಂಕ್ರೆಪ್ಪನ ತಾಯಿ ಅಂಬವ್ವನ ಪಾಲಿಗೆ ಉಳಿದಿದ್ದವು. ದೀಪದ ಖರ್ಚು ಬಾಡಿಗೆಯಲ್ಲೇ ಸೇರಿದ್ದರಿಂದ ಯಾರೂ ಹೆಚ್ಚು ವಿಚಾರಿಸಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನೀಲಾವತಿ, "ನಮ್ಮ ಮೀಟರು ಎಲ್ಲಿ?" ಎಂದು ಕೇಳಿದಾಗ ಸದಾನಂದ ಗೋಡೆಯ ಕಡೆ ಕೈ ಬೀಸಿ, "ಅಲ್ಲೆಲ್ಲೋ ಉಂಟು ಮಾರಾಯ್ತಿ, ಈಚೆಗೆ ತರಿಸುವ," ಎಂದಿದ್ದ.

ರಾತ್ರಿ ಕೆಳಗೆ ಕೊರಗಣ್ಣನ ಹೊಟೇಲಿನ ಬಾಗಿಲು ಮುಚ್ಚುವ ಸದ್ದೇ ಅಂಬವ್ವನಿಗೆ ಗಡಿಯಾರ. ಅದು ಕೇಳಿದ ಕೂಡಲೆ ಅವಳು ಮೇನ್ ಸ್ವಿಚ್ಚು ಆರಿಸಿ ಮಲಗುತ್ತಿದ್ದಳು. ಆ ಕ್ಷಣಕ್ಕೆ ಈ ಕಡೆಯೂ ಕತ್ತಲೆ. ಬಿ.ಎ. ಓದಿ ಬಂದ ನೀಲಾವತಿ ಮೂರು ವರ್ಷದಲ್ಲಿ ಒಂದು ಕಾದಂಬರಿಯನ್ನೂ ನೆಟ್ಟಗೆ ಮುಗಿಸಿರಲಿಲ್ಲ. ಕೊಲೆಗಾರ ಬಾಗಿಲು ತೆರೆಯುವ ಹೊತ್ತಿಗೆ ಅಂಬವ್ವನಿಗೆ ನಿದ್ದೆ ಬರುತ್ತಿತ್ತು. ಈಗ ಬರುವ ಸೋಮವಾರದಿಂದ ಅವಳಿಗೆ ಫೋರ್ಟಿನ ಕನ್ನಡ ಶಾಲೆಯಲ್ಲಿ ಕೆಲಸ. ಮನೆಗೆ ಬಂದು ಅಡಿಗೆ ಮುಗಿಸಿ, ಮರುದಿನದ ಪಾಠ ಓದಿಕೊಳ್ಳಲು ಉಳಿಯುವುದು ಆ ರಾತ್ರಿಯ ಹೊತ್ತೇ. ತನ್ನ ದೀಪ ತನ್ನ ಕೈಯಲ್ಲಿರಬೇಕು. ಸದ್ಯಕ್ಕೆ ಅವಳಿಗೆ ಬೇಕೆನಿಸಿದ್ದು ಇದೊಂದೇ.

"ಮಾಡಿ," ಎಂದಳು.

"ಏಣಿ ಉಂಟಾ?" ಎಂದ ದೂಜ. "ಸುತ್ತಿಗೆ? ಹಲಗೆ ಕೊರೀಲಿಕ್ಕೆ ಏನಾದ್ರೂ?"

ನೀಲಾವತಿ ಸ್ಟೋವು ಆರಿಸಿ ಎದ್ದಳು. ಬೆಳಿಗ್ಗೆ ತಮ್ಮ ವಸ್ತು ಒಯ್ದವರ ಬಾಗಿಲುಗಳನ್ನೇ ಒಂದೊಂದಾಗಿ ತಟ್ಟಿದಳು. ಸಿದ್ದರಾಮಪ್ಪ ಸುತ್ತಿಗೆಯನ್ನು ಆಗಲೇ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದ.

"ಈಗಷ್ಟ ವಾಪಸ್ ಕೊಟ್ರಿ ಅಲ್ಲಾ, ತಂಗೀ?" ಎಂದು ಬೀಗ ತೆಗೆಯುತ್ತ ನಿಟ್ಟುಸಿರುಬಿಟ್ಟ. "ಇರ್ಲಿ. ಮನ್ಯಾಗ ಆ ಪದ್ಧತಿ ಮುಂದುವರೀಬೇಕು."

ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಗದ್ದಲ ಎದ್ದಿತ್ತು.

"ಮುಟ್ಟೀಯಂದ್ರ ನೋಡು!" ಅಂಬವ್ವ ಮೀಟರಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದಳು. ಮೀಟರಿನ ಹಣೆಗೆ ಮೂರು ಗೆರೆ ವಿಭೂತಿ. ತಲೆಯ ಮೇಲೆ ಒಂದು ಚೆಂಡುಹೂ. ಕೆಳಗೆ ಊದಿನಕಡ್ಡಿಯ ಬೂದಿ.

ದೂಜ ದಂಗಾಗಿ ನಿಂತಿದ್ದ. "ಅಮ್ಮ, ಇದು ಮೀಟರು."

"ನನಗ ಗೊತ್ತಿಲ್ಲೇನು? ತಾನ ತಿರಗತದ, ಯಾರೂ ಕೈ ಹಚ್ಚೂದಿಲ್ಲ. ಹಗಲಾ ರಾತ್ರಿ ಗುಂಯ್ ಅಂತ ಜಪಾ ಮಾಡತದ. ಮನೀಗೆಲ್ಲಾ ಬೆಳಕ ಕೊಡತದ. ಇದಕ್ಕಿಂತ ಮ್ಯಾಲಿನ ದೇವರನ್ನ ನೀ ತೋರಿಸು, ಅದನ್ನ ಪೂಜಾ ಮಾಡತೀನಿ!"

ಆಫೀಸಿಗೆ ಹೊರಟು ಬಿಳಿ ಅಂಗಿ ತೊಟ್ಟಿದ್ದ ಶಂಕ್ರೆಪ್ಪ ನಡುವೆ ಬಂದ. "ಯವ್ವಾ, ನನ್ನ ಲೋಕಲ್ ಗಾಡಿ ತಪ್ಪತದ. ಅವರು ಅರ್ಜಿ ಕೊಟ್ಟಾರ, ಒಯ್ಲಿ ಬಿಡು."

"ಏ, ನೀ ಸುಮ್ನಿರು. ರೇಲ್ವೆದಾಗ ಕಾರಕೂನಾದಿ ಅಂತ ದೇವರ ವಿಷಯಾ ತಿಳೀತದೇನು?"

ನೀಲಾವತಿ ಏಣಿಯ ಒಂದು ತುದಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಂಬವ್ವ ಅವಳನ್ನು ನೋಡಿದಳು. ಚಾಚಿದ ಕೈಗಳು ನಿಧಾನವಾಗಿ ಕೆಳಗಿಳಿದವು.

"ನಿನಗ ಬೇಕೇನವಾ ಇದು?"

"ಬೇಕಿತ್ತು, ಅಂಬವ್ವ. ಓದ್ಲಿಕ್ಕೆ."

ಅಂಬವ್ವ ಸ್ವಲ್ಪ ಹೊತ್ತು ಸೆರಗಿನ ತುದಿ ತಿರುವಿದಳು. "ಒಯ್ಯಿ," ಎಂದಳು. "ಖರೆ, ಹಂಗ ಕಳಸೂದಿಲ್ಲ."

ಹೇಗೆ ಕಳಿಸಬೇಕೆಂದು ಹೇಳಲು ಗಂಗುಬಾಯಿ ಬಂದಳು. ಚಾಳಿನಲ್ಲಿ ಶಾಸ್ತ್ರ ಸಂಪ್ರದಾಯಗಳ ಹೈಕೋರ್ಟು ಅವಳೇ. ಬೆಳಿಗ್ಗೆ ಸಿಕ್ಕಿದ ಸ್ಟೂಲಿನ ಮೇಲೆ ಕೂತು ತೀರ್ಪು ಕೊಟ್ಟಳು: ಇಷ್ಟು ವರ್ಷ ಮನೆಯಲ್ಲಿದ್ದುದು ಇನ್ನೊಂದು ಮನೆಗೆ ಹೋಗುವುದೆಂದರೆ ಮಗಳು ಅತ್ತೆಮನೆಗೆ ಹೋದ ಹಾಗೆ. ಉಡಿ ತುಂಬಿಯೇ ಕಳಿಸಬೇಕು.

ದೂಜ ಮೀಟರಿನ ಹಲಗೆಯನ್ನು ಗೋಡೆಯಿಂದ ಬಿಡಿಸಿದ. ಅದನ್ನು ಎತ್ತಿ ಹಿಡಿದು ನಿಲ್ಲುವ ಕೆಲಸ ಶಂಕ್ರೆಪ್ಪನಿಗೆ ಬಂತು. ಅಂಬವ್ವ ಹಸಿರು ಕುಪ್ಪಸದ ಖಣ ತಂದು, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಎಲೆಯಡಿಕೆ ಇಟ್ಟು ಮೀಟರಿನ ನಡುವಿಗೆ ಕಟ್ಟಿದಳು. ನಡು ಎಲ್ಲಿ ಎಂಬ ಬಗ್ಗೆ ಸ್ವಲ್ಪ ಚರ್ಚೆಯಾಯಿತು. ಶಂಕ್ರೆಪ್ಪ ಬೀಗರ ಮುಂದೆ ನಿಂತ ಹೆಣ್ಣಿನ ತಂದೆಯ ಹಾಗೆ ಬೆವರುತ್ತಿದ್ದ. ಅವನ ಲೋಕಲ್ ಹೋಯಿತು. ಅದರ ನಂತರದ್ದೂ ಹೋಯಿತು.

"ಆ ಕಡೆ ಯಾರ ಬರಮಾಡಿಕೋತಾರ?" ಎಂದಳು ಗಂಗುಬಾಯಿ. "ಮುತ್ತೈದಿ ಆರತಿ ಎತ್ತಬೇಕು."

ಮಾತು ಬಾಯಿಂದ ಹೊರಟ ಮೇಲೆ ಅವಳಿಗೇ ಹೊಳೆಯಿತು. ಎಲ್ಲರೂ ಮೀಟರನ್ನು ನೋಡಿದರು. ನೀಲಾವತಿಯೂ ಮೀಟರನ್ನೇ ನೋಡಿದಳು.

"ಯಾಕ?" ಎಂದಳು ಅಂಬವ್ವ. "ಇಷ್ಟ ವರ್ಷಾ ಅದಕ್ಕ ಹೂ ಏರಿಸಿದಾಕಿ ನಾನು. ನನ್ನ ಹಣೀಮ್ಯಾಲೆ ಕುಂಕುಮಾ ಕಾಣಸತದೇನು ನಿನಗ? ದೇವರು ಒಂದ ದಿನಾನೂ ಕೇಳಲಿಲ್ಲ. ನೀ ಕೇಳಾಕಿ ಯಾರು?" ಆರತಿಯ ತಟ್ಟೆಯನ್ನು ನೀಲಾವತಿಯ ಕೈಗೆ ತುರುಕಿದಳು. "ಹೋಗು, ನಿನ್ನ ಬಾಗಲದಾಗ ನಿಂದರು."

ನೀಲಾವತಿ ಬಾಗಿಲಲ್ಲಿ ನಿಂತು ಮೀಟರಿಗೆ ಆರತಿ ಎತ್ತಿದಳು. ಅರ್ಥಶಾಸ್ತ್ರದಲ್ಲಿ ಪದವಿ ಪಡೆದವಳು ತಾನೆಂದು ಒಮ್ಮೆ ನೆನಪಾಯಿತು. ಸದಾನಂದ ಇದ್ದಿದ್ದರೆ ನಕ್ಕು ಏಣಿಯಿಂದ ಬೀಳುತ್ತಿದ್ದ ಎಂದೂ ಅನಿಸಿತು.

ಬಿದ್ದದ್ದು ಬೇರೆ. ದೂಜ ಈ ಕಡೆಯಿಂದ ಹಲಗೆಗೆ ಮೊದಲ ಮೊಳೆ ಹೊಡೆದಾಗ ಆ ಕಡೆಯ ಗೂಡಿನಲ್ಲಿದ್ದ ಶೇಂಗಾಚಟ್ನಿಯ ಡಬ್ಬಿ ಉರುಳಿ, ಇನ್ನೊಂದು ಲೋಕಲಿಗಾದರೂ ಹೋಗೋಣವೆಂದು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದ್ದ ಶಂಕ್ರೆಪ್ಪನ ಬೆನ್ನ ಮೇಲೆ ತೆರೆದುಕೊಂಡಿತು. ಎರಡನೆಯ ಮೊಳೆಗೆ ಗೋಡೆಗಡಿಯಾರ ನಿಂತಿತು. ದೂಜ ಕೊರೆದ ತೂತು ಎಲ್ಲಿ ಹೊರಬೀಳಬೇಕಿತ್ತೋ ಅಲ್ಲಿ ಬೀಳದೆ, ಅಂಬವ್ವನ ಗೂಟಕ್ಕೆ ತೂಗುಹಾಕಿದ್ದ ಶಂಕ್ರೆಪ್ಪನ ಇನ್ನೊಂದು ಬಿಳಿ ಅಂಗಿಯ ಜೇಬಿನೊಳಗೆ ಬಿತ್ತು. ಆ ದಿನ ಶಂಕ್ರೆಪ್ಪ ಆಫೀಸಿಗೆ ಹೋಗಲಿಲ್ಲ.

ಸಂಜೆಯಾಗುವ ಮೊದಲು ಕೆಲಸ ಮುಗಿಯಿತು. ಮೀಟರು ನೀಲಾವತಿಯ ಗೋಡೆಯ ಮೇಲೆ ಹಸಿರು ಖಣ ಉಟ್ಟು, ವಿಭೂತಿ ಇಟ್ಟುಕೊಂಡು, ಹೊಸ ಮನೆಗೆ ಹೊಂದಿಕೊಂಡ ಸೊಸೆಯ ಹಾಗೆ ಮೆಲ್ಲಗೆ ತಿರುಗುತ್ತಿತ್ತು. ದೂಜ ಕೊರಗಣ್ಣನ ಹೊಟೇಲಿಗೆ ಚಹಾ ಕುಡಿಯಲು ಇಳಿದ. ನೀಲಾವತಿ ಏಣಿ, ಸುತ್ತಿಗೆಗಳನ್ನು ಎರಡನೆಯ ಸಲ ಹಿಂದೆ ಕೊಟ್ಟುಬಂದಳು.

ದೀಪ ಹಚ್ಚುವ ಹೊತ್ತಾಯಿತು. ಅವಳು ದೀಪ ಹಾಕಿ, ಮೇನ್ ಸ್ವಿಚ್ಚಿನ ಎದುರು ನಿಂತಳು. ಮೂರು ವರ್ಷ ಅದು ಇನ್ನೊಬ್ಬರ ಕೈಯಲ್ಲಿತ್ತು. ಒಂದು ಸಲ, ಸುಮ್ಮನೆ ನೋಡಲೆಂದು, ಅದನ್ನು ಕೆಳಗೆ ಎಳೆದಳು.

ದೀಪ ಉರಿಯುತ್ತಲೇ ಇತ್ತು.

ಗೋಡೆಯ ಆ ಕಡೆಯಿಂದ ಅಂಬವ್ವ ಕೂಗಿದಳು: "ಯಪ್ಪಾ! ಕತ್ತಲಾತಲ್ಲೋ!"

ನೀಲಾವತಿ ಸ್ವಿಚ್ಚು ಮೇಲೆ ಮಾಡಿದಳು. "ಬಂತು," ಎಂದಿತು ಗೋಡೆ. ಕೆಳಗೆ ಮಾಡಿದಳು. "ಮತ್ತ ಹೋತು!" ಅವಳ ತಲೆಯ ಮೇಲಿನ ದೀಪ ಮಾತ್ರ ಏನೂ ಆಗದವರ ಹಾಗೆ ಬೆಳಗುತ್ತಿತ್ತು.

ಹೊಟೇಲಿನಿಂದ ದೂಜನನ್ನು ಕರೆಸಿದರು. ಅವನು ತಲೆ ಕೆರೆದುಕೊಂಡ. "ಮೀಟರಿಗೆ ಎಷ್ಟು ವಾಯರು ಇತ್ತೋ ಅಷ್ಟನ್ನೇ ಸೇರಿಸಿದೆ. ಅದು ಯಾರ ಮನೇದು ಅಂತ ನಂಗೆ ಯಾರೂ ಹೇಳ್ಲಿಲ್ಲ."

"ಹಂಗಾರ ಇದು ಬರೇ ನಮ್ಮ ಮೀಟರು?" ಎಂದ ಶಂಕ್ರೆಪ್ಪ, ಬೆನ್ನಿನ ಚಟ್ನಿ ಕೊಡವುತ್ತ. "ಇವರ ದೀಪಾ ಎಲ್ಲಿಂದ ಬರ್ತದ?"

ಬ್ಯಾಟರಿ ಹಿಡಿದು ಎಲ್ಲರೂ ನೀಲಾವತಿಯ ದೀಪದ ವಾಯರಿನ ಜಾಡು ಹಿಡಿದರು. ಅದು ತೊಲೆಯ ಮೇಲೆ ಹೋಗಿ, ಕ್ಯಾಲೆಂಡರಿನ ಹಿಂದೆ ಇಳಿದು, ಕಿಟಕಿಯ ಮೂಲೆಯಿಂದ ಹೊರಬಿದ್ದು, ಮಳೆನೀರಿನ ಪೈಪಿನ ಜೊತೆಗೇ ಇಳಿದು, ಕೆಳಗೆ ಹೊಟೇಲಿನ ಹಿಂದಿನ ಕಿಟಕಿಯೊಳಗೆ ನುಗ್ಗಿತ್ತು.

ಕೊರಗಣ್ಣ ಗಲ್ಲಾದಿಂದ ಎದ್ದು ಬಂದ.

"ಅಯ್ಯೋ, ಇದಾ? ಮದುಮಗಳು ಕತ್ತಲೆ ಮನೆಗೆ ಬರುದು ಬೇಡ ಅಂತ ನಿಮ್ಮ ಮದುವೆಗೆ ಸದಾನಂದ ಎಳ್ಕೊಂಡು ಹೋದದ್ದು. 'ನಾಲ್ಕು ದಿನಕ್ಕೆ ಅಣ್ಣ' ಅಂದ. ಆಮೇಲೆ ದಿನಾ ಕಾಫಿ ಕುಡಿದು ಏಳುವಾಗ, 'ನಾಳೆ ಬಿಚ್ತೇನೆ ಅಣ್ಣ' ಅಂತಿದ್ದ. ನಾನೂ ಕೇಳ್ಲಿಲ್ಲ. ರಾತ್ರಿ ಬಾಗಿಲು ಹಾಕುವಾಗ ಮೇನ್ ತೆಗೀಲಿಕ್ಕೆ, ನಿಮ್ಮ ದೀಪವೂ ಹೋಗ್ತದಲ್ಲ ಅಂತ, ಒಂದು ಬೇಜಾರು ಆಗ್ತಿತ್ತು, ಅಷ್ಟೇ."

ಸದಾನಂದ ಹೋದ ದಿನ ಮನೆಯಲ್ಲಿ ದೀಪ ಹತ್ತಿರಲಿಲ್ಲ. ಕಂದೀಲು ಇಟ್ಟುಕೊಂಡು ಕೂತಿದ್ದರು. ಬೆಳಕೂ ಅವನ ಬೆನ್ನಿಗೇ ಹೋಯಿತೆಂದು ಗಂಗುಬಾಯಿ ಚಾಳಿಗೆಲ್ಲ ಹೇಳಿದ್ದಳು.

"ಹಾಗಾದ್ರೆ ಅವತ್ತು..." ಎಂದಳು ನೀಲಾವತಿ.

"ಅವತ್ತು ಹೊಟೇಲು ಮುಚ್ಚಿದ್ದೆ. ಅವನಿಗೋಸ್ಕರ." ಕೊರಗಣ್ಣ ಹೆಗಲ ಮೇಲಿನ ಚೌಕದಿಂದ ಮುಖ ಒರೆಸಿಕೊಂಡ. "ಮೇನ್ ತೆಗೆದು, ಬೀಗ ಹಾಕಿ, ಮೇಲೆ ನಿಮ್ಮಲ್ಲೇ ಬಂದು ಕತ್ತಲೆಯಲ್ಲಿ ಕೂತಿದ್ದೆ. ನಂಗೆ ಹೊಳೀಲೇ ಇಲ್ಲ, ಅಕ್ಕ."

ಗಂಗುಬಾಯಿ ಆ ವಾಯರನ್ನು ಮತ್ತೊಮ್ಮೆ ಕೆಳಗಿನಿಂದ ಮೇಲಿನ ತನಕ ಕಣ್ಣಲ್ಲೇ ಅಳೆದಳು.

"ಇವರ ಮನಿಗೆ ಇದೇ ಮೀಟರಿನಿಂದ ಒಂದು ವಾಯರ್ ಎಳದಬಿಡ್ರಿ," ಎಂದ ಶಂಕ್ರೆಪ್ಪ.

"ಅದಕ್ಕೆ ಮಾಲಕರಿಗೆ ಬೇರೆ ಅರ್ಜಿ ಕೊಡ್ಬೇಕು," ಎಂದ ದೂಜ. ಮೊದಲಿನ ಅರ್ಜಿಗೆ ಎಷ್ಟು ಕಾಲ ಹಿಡಿದಿತ್ತೆಂದು ಎಲ್ಲರಿಗೂ ಗೊತ್ತಿತ್ತು.

"ಹಂಗಾರ ನಮ್ಮ ಮೀಟರಾದ್ರೂ ನಮ್ಮ ಗೋಡೀಗೆ ಹಚ್ಚು."

"ಹುಚ್ಚಪ್ಪಾ!" ಎಂದಳು ಅಂಬವ್ವ. "ಮುಂಜಾನೆ ಉಡಿ ತುಂಬಿ ಕಳಸಿ, ಸಂಜೀಕ ವಾಪಸ್ ಕರಕೊಂಡ ಬಂದ್ರ ನೋಡಿದವರು ಏನಂದಾರು? ಪಂಚಮಿಗೆ ಕರಕೊಂಡ ಬರೂಣು. ಅಲ್ಲೀತನಕಾ ನಾನ ಹೋಗಿ ಪೂಜಾ ಮಾಡತೀನಿ. ಮುಂಜಾನೆ ಲಗೂ ಏಳ್ತೀಯಿಲ್ಲ, ನೀಲವ್ವಾ?"

ನಾಗರಪಂಚಮಿಗೆ ಇನ್ನೂ ಒಂದು ಬೇಸಿಗೆ ಕಳೆಯಬೇಕಿತ್ತು.

"ಎಂಥ ಗಡಿಬಿಡಿ? ನನ್ನ ವಾಯರು ಅಲ್ಲೇ ಇರ್ಲಿ," ಎಂದ ಕೊರಗಣ್ಣ. "ಹೊಟೇಲು ಬೇಕಾದ್ರೆ ಸ್ವಲ್ಪ ತಡವಾಗಿ ಮುಚ್ಚುವ."

ನೀಲಾವತಿ ಬೇಡವೆಂದು ತಲೆಯಾಡಿಸಿದಳು. ದೂಜನಿಗೆ ಹೊಟೇಲಿನ ತುದಿ ಬಿಚ್ಚಲು ಹೇಳಿ ಮೇಲೆ ಹೋದಳು. ಕತ್ತಲೆಯಲ್ಲಿ ಅಂಬವ್ವ ಕಂದೀಲು ಹಿಡಿದಳು. ಶಂಕ್ರೆಪ್ಪ, ಸಿದ್ದರಾಮಪ್ಪನ ಸುತ್ತಿಗೆಯನ್ನು ಮೂರನೆಯ ಸಲ ಕೇಳಿ ತಂದು, ತೊಲೆಯ ಮೊಳೆಗಳನ್ನು ಕಿತ್ತ. ಪಕ್ಕದಲ್ಲಿ ಮೀಟರು ಇನ್ನೊಂದು ಮನೆಯ ದೀಪಕ್ಕಾಗಿ ಜಪ ಮಾಡುತ್ತಿತ್ತು. ನೀಲಾವತಿ ವಾಯರನ್ನು ಕಿಟಕಿಯಿಂದ ಒಳಗೆಳೆದು, ಧೂಳು ಒರೆಸಿ, ನೂಲಿನ ಲಡಿಯ ಹಾಗೆ ಕೈಗೆ ಸುತ್ತುತ್ತ ಹೋದಳು. ನಾಲ್ಕು ದಿನಕ್ಕೆಂದು ತಂದವನು ಅದನ್ನು ಬಹಳ ಭದ್ರವಾಗಿ ಕಟ್ಟಿದ್ದ.

ಅವಳು ಕೆಳಗಿಳಿದು ಬಂದಾಗ ಕೊರಗಣ್ಣ ಕೈ ಚಾಚಲಿಲ್ಲ. ನೀಲಾವತಿ ಸುರುಳಿಯನ್ನು ಗಲ್ಲಾದ ಮೇಲಿಟ್ಟಳು.

"ಇವರು ತಂದದ್ದು, ಅಣ್ಣ," ಎಂದಳು. "ಕೊಡುವಾಗ ಸ್ವಲ್ಪ ತಡವಾಯ್ತು."