ಬಚೇ ಸಿಂಗನ ಅಂಟಿಲ್ಲದ ಭಂಗಿ

ಎಲ್ಲಕ್ಕೂ ಕಾರಣ ಗೋಪುಲಿ ಕಾಖಿಯ ಒಂದು ಮಾತು. ಬೆಳಗ್ಗೆ ನೀರು ಹಿಡಿಯುತ್ತಾ ನಾಲ್ಕು ಜನರೆದುರು ಅವಳು, "ಭಂಗೀಲಿ ನಶೆ ಇಲ್ಲ ಅನ್ನೋದು, ಮೆಣಸಿನಕಾಯಲ್ಲಿ ಖಾರ ಇಲ್ಲ ಅಂದ ಹಾಗೆ" ಅಂದುಬಿಟ್ಟಳು. ಊರಿಗೆಲ್ಲ ಚಿಕ್ಕಮ್ಮನಂತಿದ್ದವಳ ಮಾತಿಗೆ ಎಲ್ಲರೂ ನಕ್ಕರು. ಬಚೇ ಸಿಂಗನಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇರುತ್ತದೆಯೇ? ಹಗ್ಗಕ್ಕೆ ನಾರು, ಚಟ್ನಿಗೆ ಬೀಜ ಎಂದು ಕುಮಾವೂಂ ಬೆಟ್ಟದ ಆ ಊರಿನವರು ಅಜ್ಜಂದಿರ ಕಾಲದಿಂದ ಭಂಗಿ ಬೆಳೆದವರೇ. ಈಗ ಸರ್ಕಾರ, ನಶೆಯಿಲ್ಲದ ಗಿಡಕ್ಕೆ ಮಾತ್ರ ಪರವಾನಗಿ ಎಂದಿತ್ತು. ನಶೆಯೆಲ್ಲ ಇರುವುದು ಹೂವಿನ ಮೇಲಿನ ಸಣ್ಣ ಅಂಟುಗುಳ್ಳೆಗಳಲ್ಲಿ. ಒಂದು ಗಿಡದಲ್ಲಿ ಗುಳ್ಳೆ ಹೆಚ್ಚು, ಪಕ್ಕದ್ದರಲ್ಲಿ ಕಡಿಮೆ. ಬಚೇ ಸಿಂಗ್ ಹನ್ನೆರಡು ವರ್ಷ ಒಂದೊಂದೇ ಗೊಂಚಲನ್ನು ಅಂಗೈಯಲ್ಲಿ ಉಜ್ಜಿ, ಅಂಟು ಮೆತ್ತಿ ಕೈ ಕಪ್ಪಾದರೆ ಗಿಡ ಕಿತ್ತೆಸೆದು, ಕೈ ಸ್ವಚ್ಛವಾಗಿದ್ದರೆ ಬೀಜ ಉಳಿಸಿಕೊಂಡು ಬಂದಿದ್ದ. ಈ ವರ್ಷ ಮನೆಯಲ್ಲಿ ಒಂದು ಹಿಡಿಯನ್ನೂ ಇಟ್ಟುಕೊಳ್ಳದೆ ಅಷ್ಟನ್ನೂ ಬಿತ್ತಿದ್ದ. ಹೋಲಿಸಿ ತೋರಿಸಲೆಂದು ಹಳೇ ತಳಿಯ ಅಂಟುಗಿಡ ಒಂದನ್ನು ಮೂಲೆಯಲ್ಲಿ ಬಿಟ್ಟಿದ್ದ. ಪರೀಕ್ಷೆಗೆ ಅಂದೇ ಮಧ್ಯಾಹ್ನ ಪರವಾನಗಿ ಕೊಡುವ ಸಾಹೇಬರು ಬರುವವರಿದ್ದರು.

"ಕಾಖಿ, ನಿನ್ನ ಮೇಕೆ ಒಂದನ್ನ ನನ್ನ ಹೊಲಕ್ಕೆ ಬಿಡು. ತಿಂದು ತೂರಾಡಿದ್ರೆ ಮೀಸೆ ಬೋಳಿಸ್ಕೋತೀನಿ" ಎಂದ.

ಮೇಕೆ ಬಂತು, ಹಿಂದೆಯೇ ಊರೂ ಬಂತು. ಪಂಚಾಯಿತಿಯ ಮುಖ್ಯಸ್ಥ, ಪ್ರಧಾನ ದಿವಾನ್ ಸಿಂಗ್, ಕಣ್ಣು ನೋಡಿ ನಶೆ ಅಳೆಯಬಲ್ಲೆ ಎಂದು ಮೇಕೆಯ ಎದುರೇ ಕುಕ್ಕರಿಸಿದ. ಮೇಕೆ ಎಲೆ ಮೂಸಿತು, ಕಚ್ಚಿತು, ಒಂದಿಡೀ ಗಿಡ ಮುಗಿಸಿತು. ತೂರಾಡಲಿಲ್ಲ. ಬಚೇ ಸಿಂಗ್ ಮೀಸೆ ತಿರುವಿದ. ಆಗ ಮೇಕೆ ಸಂತೋಷ ತಡೆಯಲಾರದೆ ಒಮ್ಮೆ ಕೂಗಿತು. ಮೇಲಿನ ದೊಡ್ಡಿಯಿಂದ ಉಳಿದ ಮೂವತ್ತೂ ಕಲ್ಲುಗೋಡೆ ಹಾರಿ ಇಳಿದವು.

ಎಲ್ಲರೂ ಸಹಾಯಕ್ಕೆ ಬಂದದ್ದೇ ಎಡವಟ್ಟಾಯಿತು. ಪ್ರಧಾನ ಕೆಳಗಿನಿಂದ ಮೇಲಕ್ಕೆ ಓಡಿಸಿದ, ಉಳಿದವರು ಮೇಲಿನಿಂದ ಕೆಳಕ್ಕೆ ಓಡಿಸಿದರು. ಮೇಕೆಗಳು ನಡುವೆ ನಿಂತು ನೆಮ್ಮದಿಯಾಗಿ ಮೇಯ್ದವು. ಸಾಹೇಬರು ಬರುವಷ್ಟರಲ್ಲಿ ಹೊಲ ತಲೆ ಬೋಳಿಸಿಕೊಂಡಿತ್ತು. ಮೂಲೆಯ ಅಂಟುಗಿಡ ಮಾತ್ರ ಒಂದೆಲೆಯೂ ಮುಕ್ಕಾಗದೆ ನಿಂತಿತ್ತು. ಸಾಹೇಬರು ಭೂತಗನ್ನಡಿ ಹಿಡಿದು ಅದರ ಗುಳ್ಳೆಗಳನ್ನು ನೋಡಿ ಬೆಚ್ಚಿಬಿದ್ದರು.

"ಸಾಹೇಬ್ರೇ, ಅದು ಬರೀ ಹೋಲಿಸೋಕೆ ಬಿಟ್ಟಿದ್ದು."

"ಯಾವುದರ ಜೊತೆ ಹೋಲಿಸ್ಲಿ?"

ಬಚೇ ಸಿಂಗ್ ಮೇಕೆಗಳ ಕಡೆ ಕೈ ತೋರಿಸಿದ. ಸಾಹೇಬರು ಪರವಾನಗಿ ಇಲ್ಲವೆಂದು ಬರೆದು ಬೆಟ್ಟ ಇಳಿದರು.

ಕಾಖಿಗೆ ಪಾಪ ಅನ್ನಿಸಿತು. "ಅಂಟುಗಿಡಾನ ನನ್ನ ಮೇಕೆ ಯಾವತ್ತೂ ಮುಟ್ಟಲ್ಲ ಕಣಪ್ಪ. ಆ ಅಂಟೇ ಗಿಡಕ್ಕೆ ಕಾವಲು. ನೀನು ಹನ್ನೆರಡು ವರ್ಷ ಕೂತು ಕಾವಲುಗಾರನ್ನೇ ಓಡಿಸಿದೀಯ."

"ಇದನ್ನ ಬೆಳಗ್ಗೇನೇ ಹೇಳ್ಬಾರದಿತ್ತಾ?"

"ತೂರಾಡುತ್ತಾ ಅಂತ ತಾನೇ ನೀನು ಕೇಳಿದ್ದು?"

ಬಚೇ ಸಿಂಗ್ ಮನೆಗೆ ಹೋದ. ಮೀಸೆ ಬೋಳಿಸುತ್ತಾನೆಂದು ಕಾದವರಿಗೆ ನಿರಾಸೆಯಾಯಿತು. ಅವನು ಜರಡಿ ಹಿಡಿದು ಹೊರಬಂದು, "ನನ್ನ ಗಿಡದಲ್ಲಿ ನಶೆ ಇರ್ಲಿಲ್ಲ. ಮೂವತ್ತೊಂದು ಸಾಕ್ಷಿ ನಿಂತಿವೆ. ಬೀಜಾನೂ ಬಲಿತಿತ್ತು. ನಾಳೆ ತನಕ ಒಂದು ಮೇಕೇನೂ ದೊಡ್ಡಿ ದಾಟಬಾರದು" ಎಂದ.

ಆಮೇಲೆ ಮೇಕೆಗಳ ಹಿಂದೆ ಹೋಗಿ ಹಿಕ್ಕೆಗೆ ಜರಡಿ ಹಿಡಿದು ಕೂತ.